ಕಾರ್ಖಾನೆಯ ಗಾಳಿ ಎಷ್ಟು ಸೋರುತ್ತಿದೆ? ಅಳೆದು ನಿಲ್ಲಿಸುವ ಬಗೆ

ಊಟದ ಬಿಡುವಿನಲ್ಲಿ ಎಲ್ಲ ಯಂತ್ರಗಳೂ ನಿಂತಿವೆ, ಆದರೂ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರ್ ಎರಡು ನಿಮಿಷಕ್ಕೊಮ್ಮೆ ಗುರುಗುಟ್ಟಿ ಲೋಡ್ ಆಗುತ್ತಿದೆ, ಅಂದರೆ ಮತ್ತೆ ಗಾಳಿ ತುಂಬುತ್ತಿದೆ. ಯಾರೂ ಬಳಸದ ಗಾಳಿ ಎಲ್ಲಿಗೆ ಹೋಯಿತು? ಪೀಣ್ಯದ ಮಷಿನ್ ಶಾಪ್ ಇರಲಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಇರಲಿ, ಈ ಸದ್ದಿಗೆ ಕಿವಿಗೊಟ್ಟರೆ ಕರೆಂಟ್ ಬಿಲ್ಲಿನ ಒಂದು ಭಾಗ ಎಲ್ಲಿ ಕರಗುತ್ತಿದೆ ಎಂಬುದು ತಿಳಿಯುತ್ತದೆ. ಕಂಪ್ರೆಸರ್ ಎಳೆಯುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಅಷ್ಟು ದುಬಾರಿಯಾಗಿ ತುಂಬಿಟ್ಟ ಗಾಳಿಯನ್ನು ಸೋರಲು ಬಿಡುವುದು ಸಲ್ಲದು.

ಮೊದಲು ಅಳತೆ

ಯಂತ್ರಗಳನ್ನು ನಿಲ್ಲಿಸಿ, ಆದರೆ ಅವುಗಳಿಗೆ ಹೋಗುವ ಗಾಳಿಯ ವಾಲ್ವ್‌ಗಳನ್ನು ತೆರೆದೇ ಇಡಿ. ಮುಖ್ಯ ವಾಲ್ವ್ ಮುಚ್ಚಿ ಪರೀಕ್ಷೆ ಮಾಡುವುದು ಸಾಮಾನ್ಯ ತಪ್ಪು. ಆಗ ಕಂಪ್ರೆಸರ್ ಮನೆಯ ಸೋರಿಕೆ ಮಾತ್ರ ಸಿಗುತ್ತದೆ, ಶೆಡ್ಡಿನದು ಸಿಗುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಲೋಡ್ ಸಮಯ, ಅನ್‌ಲೋಡ್ (ಗಾಳಿ ತುಂಬದೆ ಇರುವ) ಸಮಯಗಳನ್ನು ಕನಿಷ್ಠ ಐದಾರು ಸುತ್ತು ಬರೆದುಕೊಂಡು ಸರಾಸರಿ ತೆಗೆಯಿರಿ.

ಲೋಡ್ 30 ಸೆಕೆಂಡು, ಅನ್‌ಲೋಡ್ 90 ಸೆಕೆಂಡು ಬಂತೆನ್ನೋಣ. 30 ಅನ್ನು ಎರಡರ ಮೊತ್ತ 120ರಿಂದ ಭಾಗಿಸಿದರೆ ಸೋರಿಕೆ ಶೇ 25. ಕಂಪ್ರೆಸರ್‌ನ ಸಾಮರ್ಥ್ಯ ನಿಮಿಷಕ್ಕೆ 3.5 ಘನ ಮೀಟರ್ ಆಗಿದ್ದರೆ 0.875 ಘನ ಮೀಟರ್ ಬರೀ ತೂತುಗಳಿಗೆ ಹೋಗುತ್ತಿದೆ. ಶೇ 10ರೊಳಗಿದ್ದರೆ ನಿರ್ವಹಣೆ ಚೆನ್ನಾಗಿದೆ ಎನ್ನಬಹುದು. ತಾನೇ ಆನ್–ಆಫ್ ಆಗುವ ಪಿಸ್ಟನ್ ಕಂಪ್ರೆಸರ್‌ಗೂ ಇದೇ ಲೆಕ್ಕ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಇರುವ ಸ್ಕ್ರೂ ಕಂಪ್ರೆಸರ್‌ಗೆ ಮಾತ್ರ ಇದು ಹೊಂದುವುದಿಲ್ಲ, ಅದು ವೇಗ ತಗ್ಗಿಸಿಕೊಂಡು ಓಡುತ್ತಲೇ ಇರುತ್ತದೆ. ಅಲ್ಲಿ ಯಂತ್ರಗಳು ನಿಂತಾಗಿನ ಕಿಲೋವ್ಯಾಟ್ ಓದಿಕೊಳ್ಳಿ.

ಹುಡುಕುವುದು

ಸೋಪಿನ ನೀರು, ಒಂದು ಬ್ರಷ್, ತೂತಿರುವಲ್ಲಿ ಕಟ್ಟಲು ಬಣ್ಣದ ಪಟ್ಟಿ ಸಾಕು. ಚಿಮ್ಮುವ ಗಾಳಿಗೆ ಬರಿಗೈ ಒಡ್ಡಬೇಡಿ. ಮೇಲಿನ ಪೈಪಿಗಿಂತ ಯಂತ್ರದ ಪಕ್ಕದ ಕೊನೆಯ ಒಂದೆರಡು ಮೀಟರ್‌ನಲ್ಲೇ ಹೆಚ್ಚು ಸೋರಿಕೆ ಸಿಗುತ್ತದೆ: ಕ್ವಿಕ್ ಕಪ್ಲರ್, ಎಫ್‌ಆರ್‌ಎಲ್ (ಫಿಲ್ಟರ್–ರೆಗ್ಯುಲೇಟರ್–ಲೂಬ್ರಿಕೇಟರ್) ಬಟ್ಟಲಿನ ಓ-ರಿಂಗ್, ಬ್ಲೋ ಗನ್, ಸಿಕ್ಕಿಕೊಂಡು ತೆರೆದೇ ಉಳಿದ ಆಟೋ ಡ್ರೇನ್ (ನೀರನ್ನು ತಾನೇ ಹೊರಬಿಡುವ ವಾಲ್ವ್).

ಟ್ಯೂಬನ್ನು ಒತ್ತಿ ಸೇರಿಸುವ ಪುಶ್ ಫಿಟ್ಟಿಂಗ್ ಸೋರಿದರೆ ಹೊಸದು ತರುವ ಮೊದಲು ಪಿಯು (ಪಾಲಿಯುರೆಥೇನ್) ಟ್ಯೂಬಿನ ತುದಿ ನೋಡಿ. ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿದ ಟ್ಯೂಬ್ ಒಳಗಿನ ಸೀಲಿಗೆ ಸರಿಯಾಗಿ ಕೂರುವುದಿಲ್ಲ. ಟ್ಯೂಬ್ ಕಟರ್‌ನಲ್ಲಿ ನೇರವಾಗಿ ಕತ್ತರಿಸಿ ತಳ ಮುಟ್ಟುವವರೆಗೆ ಒತ್ತಿ. ಥ್ರೆಡ್ ಜೋಡಣೆಯಾದರೆ ಟೆಫ್ಲಾನ್ ಟೇಪನ್ನು ಬಿಗಿ ಮಾಡುವ ದಿಕ್ಕಿನಲ್ಲೇ ಮೂರ್ನಾಲ್ಕು ಸುತ್ತು ಸುತ್ತಿ. ಮೊದಲ ಥ್ರೆಡ್ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ವಾಲ್ವ್‌ಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಸಿಲಿಂಡರಿಗೆ ಗಾಳಿಯನ್ನು ವಿದ್ಯುತ್ತಿನಿಂದ ತಿರುಗಿಸುವ ಸೋಲೆನಾಯ್ಡ್ ವಾಲ್ವ್‌ನ ಸೈಲೆನ್ಸರ್‌ನಿಂದ ಸದಾ ಗಾಳಿ ಬರುತ್ತಿದ್ದರೆ ಹಲವರು ವಾಲ್ವ್ ಬದಲಿಸಿಬಿಡುತ್ತಾರೆ. ಆದರೆ ದೋಷ ಸಿಲಿಂಡರಿನ ಪಿಸ್ಟನ್ ಸೀಲಿನದೂ ಇರಬಹುದು. ಗಾಳಿ ಮುಚ್ಚಿ, ಒತ್ತಡ ಇಳಿಸಿ, ಸಿಲಿಂಡರ್ ಹೊತ್ತ ಭಾರಕ್ಕೆ ಆಸರೆ ಕೊಟ್ಟು, ಒತ್ತಡವಿಲ್ಲದ ಕಡೆಯ ಟ್ಯೂಬ್ ಕಳಚಿ ಮತ್ತೆ ಗಾಳಿ ಬಿಡಿ. ಸಿಲಿಂಡರಿನ ಬಾಯಿಂದ ಗಾಳಿ ಬಂದರೆ ಪಿಸ್ಟನ್ ಸೀಲ್ ಹೋಗಿದೆ. ಅಲ್ಲಿ ಬಾರದೆ ಸೈಲೆನ್ಸರ್ ಸೋರುತ್ತಲೇ ಇದ್ದರೆ ದೋಷ ವಾಲ್ವ್‌ನದೇ.

ಉಳಿತಾಯ ಕೈಗೆ ಬರಬೇಕಾದರೆ

ಇಲ್ಲಿ ಲೆಕ್ಕ ತಪ್ಪುವವರು ಬಹಳ. ಕಂಪ್ರೆಸರ್ 22 ಕಿಲೋವ್ಯಾಟ್‌ನದಾದರೆ ಅದರ ಶೇ 25 ಅಂದರೆ 5.5 ಕಿಲೋವ್ಯಾಟ್ ಉಳಿಯಿತು ಎಂದುಕೊಳ್ಳುತ್ತಾರೆ. ಆದರೆ ಸ್ಥಿರ ವೇಗದ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆದಾಗಲೂ ಪೂರ್ಣ ವಿದ್ಯುತ್ತಿನ ಸುಮಾರು ಶೇ 30ರಷ್ಟು ಎಳೆಯುತ್ತಲೇ ಇರುತ್ತದೆ, ಇಲ್ಲಿ 6.6 ಕಿಲೋವ್ಯಾಟ್. ಹಾಗಾಗಿ ಎಲ್ಲ ಸೋರಿಕೆ ನಿಂತರೂ ಉಳಿಯುವುದು 22ರಲ್ಲಿ 6.6 ಕಳೆದ 15.4ರ ಶೇ 25, ಅಂದರೆ 3.85 ಕಿಲೋವ್ಯಾಟ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 9,240 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದಿಟ್ಟುಕೊಂಡರೆ 73,920 ರೂಪಾಯಿ. ಅಷ್ಟಾದರೂ ಒಂದು ಕಟ್ಟು ಓ-ರಿಂಗ್, ಟೇಪಿನ ಖರ್ಚಿನ ಮುಂದೆ ದೊಡ್ಡದೇ.

ಇನ್ನಷ್ಟು ಬೇಕಿದ್ದರೆ ಊಟದ ಹೊತ್ತಿಗೆ ಕಂಪ್ರೆಸರನ್ನೇ ನಿಲ್ಲಿಸಿ. ಮೇಲಿನ ಸೋರಿಕೆಯೊಂದಿಗೆ ಅದು ಸುಮ್ಮನೆ ಓಡಿದರೂ ಸರಾಸರಿ 10.45 ಕಿಲೋವ್ಯಾಟ್ ತಿನ್ನುತ್ತದೆ. ದಿನಕ್ಕೊಂದು ಗಂಟೆಯಂತೆ ವರ್ಷಕ್ಕೆ 3,135 ಯೂನಿಟ್.

ಕೊನೆಗೆ ಒತ್ತಡ. ಸೋರಿಕೆ ಹೆಚ್ಚಾದಂತೆ ಯಾರೋ ಸೆಟ್ಟಿಂಗ್ ಏರಿಸಿರುತ್ತಾರೆ, ಆಮೇಲೆ ಇಳಿಸುವುದಿಲ್ಲ. ದುರಸ್ತಿಯ ನಂತರ ಸಲಕ್ಕೆ 0.2 ಬಾರ್‌ನಂತೆ ಇಳಿಸಿ, ಒಂದು ದಿನ ಓಡಿಸಿ, ಅತಿ ದೂರದ ಯಂತ್ರದ ಗೇಜ್ ನೋಡಿ. 7 ಬಾರ್ ಆಸುಪಾಸಿನಲ್ಲಿ ಒಂದು ಬಾರ್ ಇಳಿದರೆ ವಿದ್ಯುತ್ ಶೇ 6–7ರಷ್ಟು ತಗ್ಗುತ್ತದೆ, ಉಳಿದ ತೂತುಗಳಿಂದ ಹೋಗುವ ಗಾಳಿಯೂ ಕಡಿಮೆಯಾಗುತ್ತದೆ. ಯಾವುದಾದರೂ ಕ್ಲ್ಯಾಂಪ್ ಹಿಡಿತ ಸಡಿಲಿಸಿದರೆ ಅಥವಾ ಪ್ರೆಶರ್ ಸ್ವಿಚ್ ಅಲಾರಂ ಕೊಟ್ಟರೆ ಒಂದು ಹೆಜ್ಜೆ ಹಿಂದೆ ಬಂದು ಅಲ್ಲೇ ನಿಲ್ಲಿಸಿ. ಆ ದಿನವೇ ಲೋಡ್–ಅನ್‌ಲೋಡ್ ಸಮಯ ಮತ್ತೆ ಅಳೆದು, ದಿನಾಂಕ ಹಾಕಿ ಕಂಪ್ರೆಸರ್ ಪಕ್ಕದ ಗೋಡೆಗೆ ಅಂಟಿಸಿ. ಮೂರು ತಿಂಗಳಿಗೆ ಮತ್ತೆ ಅಳೆಯುವವರಿಗೆ ಹೋಲಿಸಲು ಅದೇ ಬೇಕು.