ಅರವತ್ತರ ಹೊತ್ತಿಗೆ ಕುದುರೆ ಕೊಳ್ಳುವವರಿಗೆ

ಚಿಕ್ಕಂದಿನಿಂದ ಕುದುರೆ ಅಂದರೆ ಪ್ರಾಣ ಬಿಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನೌಕರಿ, ಮಕ್ಕಳು, ಮನೆ ಸಾಲ ಅಂತ ಆ ಆಸೆ ಹಿಂದೆ ಬೀಳುತ್ತದೆ. ಮಕ್ಕಳು ತಮ್ಮ ದಾರಿ ಹಿಡಿದ ಮೇಲೆ ಮತ್ತೆ ಏಳುತ್ತದೆ. ನಾನು ವಿಜಯಪುರದ ಟಾಂಗಾ ಕುದುರೆಗಳನ್ನು ನೋಡುತ್ತಾ ಬೆಳೆದವಳು. ಪುಣೆಯಲ್ಲಿ ಬ್ಯಾಂಕಿನ ಕೆಲಸ ಮುಗಿದ ಮೇಲೆ ಗುಂಡ ಅನ್ನುವ ಕುದುರೆ ನನ್ನದಾಯಿತು. ಕನ್ನಡ ಸಂಘದಲ್ಲಿ ಸಿಕ್ಕವರು ‘ನಮಗೂ ಒಂದು ಕುದುರೆ ಬೇಕಲ್ರೀ, ಎಲ್ಲಿಂದ ಶುರು ಮಾಡೋದು?’ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಕೊಳ್ಳುವ ಮಾತು ಆಮೇಲೆ. ಮೊದಲು ಮನೆಗೆ ಹತ್ತಿರದ ಒಂದು ಲಾಯ ನೋಡಿ, ಒಂದು ಮಳೆಗಾಲ ಪೂರ್ತಿ ಅಲ್ಲಿ ಕೈಕೆಲಸ ಮಾಡಿ. ಲದ್ದಿ ತೆಗೆಯಿರಿ, ಗೊರಸು ಸ್ವಚ್ಛ ಮಾಡಿ, ಮೈ ಉಜ್ಜಿ. ಚಳಿಗಾಲದಲ್ಲಿ ಎಲ್ಲವೂ ಚಂದ ಕಾಣುತ್ತದೆ. ಜುಲೈ ತಿಂಗಳ ಕೆಸರಲ್ಲಿ, ನೊಣದ ಕಾಟದಲ್ಲಿ, ಬೆಳಗಿನ ಜಾವ ನಿಮಗೆ ಅಲ್ಲಿಗೆ ಹೋಗಬೇಕು ಅನ್ನಿಸಿದರೆ ಕುದುರೆ ಸಾಕಬಹುದು. ಸವಾರಿ ಮಾಡುವುದು ಕುದುರೆ ಸಾಕುವುದರಲ್ಲಿ ಸಣ್ಣ ಭಾಗ. ಉಳಿದ ಹೊತ್ತೆಲ್ಲ ಅದರ ಜೊತೆ ಸುಮ್ನೆ ಇರುವುದೇ. ನನಗಂತೂ ಆ ಹೊತ್ತೇ ಹೆಚ್ಚು ಪ್ರೀತಿಯದು.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಹೆಂಗಸರಾದರೆ ಮೂಳೆಯ ಗಟ್ಟಿತನದ ಪರೀಕ್ಷೆ ಮಾಡಿಸಿಯೇ ಜೀನು ಏರಿ. ಹೆಲ್ಮೆಟ್ ಇಲ್ಲದೆ ನಡಿಗೆಯ ಸವಾರಿಯೂ ಬೇಡ. ಹತ್ತಲು ಒಂದು ಕಟ್ಟೆ ಕಟ್ಟಿಸಿ. ನಮ್ಮ ಮಂಡಿಗಷ್ಟೇ ಅಲ್ಲ, ಕುದುರೆಯ ಬೆನ್ನಿಗೂ ಅದು ಒಳ್ಳೆಯದು. ನೆಲದಿಂದ ಎಳೆದುಕೊಂಡು ಹತ್ತಿದರೆ ಜೀನು ಒಂದು ಕಡೆಗೆ ಜಗ್ಗುತ್ತದೆ. ತೂಕದ ಲೆಕ್ಕವೂ ಇದೆ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇಕಡಾ 20ನ್ನು ದಾಟಬಾರದು. 450 ಕಿಲೋ ಕುದುರೆಗೆ 90 ಕಿಲೋ. ಅದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು.

ಯಾವ ಕುದುರೆ? ಈ ವಯಸ್ಸಿನಲ್ಲಿ ಮೊದಲ ಕುದುರೆ ಅಂದರೆ ಹತ್ತು ದಾಟಿದ, ಹಿಡ ಮಾಡಿದ, ಅಂದರೆ ಬೀಜ ತೆಗೆಸಿದ, ಗಂಡೇ ಸರಿ. ಮರಿ ತಂದು ಜೊತೆಗೇ ಕಲಿಯುತ್ತೇನೆ ಅನ್ನುವವರಿದ್ದಾರೆ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಕಲಿಸುವವರು ಯಾರು, ಅಲ್ವಾ? ಪುಣೆಯಲ್ಲಿ ರೇಸ್ ನಡೆಯುವುದು ಮಳೆಗಾಲದಲ್ಲಿ, ಆಮೇಲೆ ಮುಂಬಯಿಯ ಮಹಾಲಕ್ಷ್ಮಿಯಲ್ಲಿ. ಓಟ ನಿಲ್ಲಿಸಿದ ರೇಸ್ ತಳಿಯ ಥರೋಬ್ರೆಡ್‌ಗಳು ಆ ಕಡೆಯಿಂದ ಕಡಿಮೆ ಬೆಲೆಗೆ ಸಿಗುತ್ತವೆ. ಬೆಲೆ ನೋಡಿ ಮರುಳಾಗಬೇಡಿ. ಓಡುವುದನ್ನೇ ಕಲಿತ ಕುದುರೆಗೆ ಲಗಾಮು ಬಿಗಿ ಹಿಡಿದರೆ ಇನ್ನೂ ಜೋರು ಓಡು ಅಂತ ಅರ್ಥ. ಹೆದರಿದ ಸವಾರ ಮಾಡುವುದೂ ಅದನ್ನೇ. ಗುಂಡನೂ ರೇಸಿನವನೇ, ಆದರೆ ನಡುವೆ ಎಷ್ಟೋ ವರ್ಷ ಸವಾರಿ ಶಾಲೆಯಲ್ಲಿ ಮಕ್ಕಳನ್ನು ಹೊತ್ತವನು. ಹಾಗೆ ಪಳಗಿದ್ದು ಸಿಕ್ಕರೆ ಬಿಡಬೇಡಿ. ಕಿವಿಯ ತುದಿ ಒಂದಕ್ಕೊಂದು ತಾಗುವ ಮಾರವಾಡಿ ಕುದುರೆ ನೋಡಲು ಬಹಳ ಸುಂದರ, ಸ್ವಲ್ಪ ಚುರುಕು ಜಾಸ್ತಿ. ನಮ್ಮ ಭೀಮಾ ತೀರದ ಭೀಮಥಡಿ ತಟ್ಟು ಗಿಡ್ಡ, ಗಟ್ಟಿ. ಧನಗರ ಕುರಿಗಾರರು ಸಾಮಾನು ಹೊರಿಸುವುದು ಇವುಗಳ ಮೇಲೆಯೇ. ಹಗುರ ಮೈಯವರು ಅದನ್ನು ಖಂಡಿತ ನೋಡಬೇಕು.

ದತ್ತ ಜಯಂತಿಯ ಹೊತ್ತಿಗೆ ನಂದುರಬಾರ ಜಿಲ್ಲೆಯ ಸಾರಂಗಖೇಡದಲ್ಲಿ, ತಾಪಿ ದಂಡೆಯ ಮೇಲೆ, ದೊಡ್ಡ ಕುದುರೆ ಜಾತ್ರೆ ಸೇರುತ್ತದೆ. ಹೋಗಿ, ಕಣ್ತುಂಬ ನೋಡಿ. ಅಲ್ಲೇ ಕೊಳ್ಳಬೇಡಿ. ಜಾತ್ರೆಯಲ್ಲಿ ಜನ ಕುದುರೆಯ ಮೈಮೇಲಿನ ಕೂದಲಿನ ಸುಳಿ ನೋಡುತ್ತಾರೆ. ಈ ಸುಳಿ ಯಜಮಾನನಿಗೆ ಆಗದು, ಆ ಸುಳಿ ಒಳ್ಳೆಯದು ಅಂತ ಅದರ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ. ನೀವು ಸುಳಿ ಬಿಟ್ಟು ಕಾಲು ನೋಡಿ. ಸುಳಿ ಕೆಟ್ಟದ್ದು ಅಂತ ತಳ್ಳಿದ ಎಷ್ಟೋ ಬಂಗಾರದಂಥ ಕುದುರೆಗಳು ಅಗ್ಗಕ್ಕೆ ಸಿಗುತ್ತವೆ.

ನೋಡಲು ಹೋಗುವಾಗ ಹೇಳಿದ ಹೊತ್ತಿಗಿಂತ ಮೊದಲೇ ಹೋಗಿ. ಮುಂಚೆಯೇ ಓಡಿಸಿ ದಣಿಸಿಟ್ಟ ಕುದುರೆ ಎಲ್ಲರಿಗೂ ಸಾಧುವೇ. ಲಾಯದಿಂದ ಹಿಡಿದು ತರುವುದು, ನಾಲ್ಕೂ ಗೊರಸು ಎತ್ತುವುದು, ಕಡಿವಾಣ ಹಾಕುವುದು ಎಲ್ಲ ನಿಮ್ಮ ಕಣ್ಣ ಮುಂದೆ ಆಗಲಿ. ಮಾರುವವರೇ ಮೊದಲು ಹತ್ತಿ ತೋರಿಸಲಿ. ಗಟ್ಟಿ ನೆಲದ ಮೇಲೆ ಟ್ರಾಟ್, ಅಂದರೆ ಮೆಲ್ಲನೆಯ ಓಟ, ಮಾಡಿಸಿ. ನೋವಿರುವ ಮುಂಗಾಲು ನೆಲಕ್ಕೆ ತಾಗುವಾಗ ತಲೆ ಮೇಲೆ ಎಗರುತ್ತದೆ. ವಯಸ್ಸು ಹಲ್ಲಿನಲ್ಲಿದೆ. ಮೇಲಿನ ಮೂಲೆಯ ಬಾಚಿಹಲ್ಲಿನ ಮೇಲೆ ಸುಮಾರು 10 ವರ್ಷಕ್ಕೆ ಒಸಡಿನ ಹತ್ತಿರ ಕಂದು ಗೆರೆ ಮೂಡುತ್ತದೆ. 15ರ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ, 20ರ ಹೊತ್ತಿಗೆ ತುದಿ ಮುಟ್ಟುತ್ತದೆ. ಕುದುರೆ ಡಾಕ್ಟರು ನಿಮ್ಮ ಕಡೆಯವರಾಗಿರಬೇಕು, ಮಾರುವವರ ಕಡೆಯವರಲ್ಲ. ಗ್ಲಾಂಡರ್ಸ್ ರೋಗದ ರಕ್ತ ಪರೀಕ್ಷೆ ಆಗದೆ ದುಡ್ಡು ಕೊಡಬೇಡಿ. ಅದು ಮನುಷ್ಯರಿಗೂ ಹರಡುವ ರೋಗ.

ಲಾಯದ ಜಾಗ ಆರಿಸುವಾಗ ಮಳೆಯ ಲೆಕ್ಕ ಹಾಕಿ. ಪುಣೆಯ ಪಶ್ಚಿಮಕ್ಕೆ, ಮುಳಶಿ ಕಡೆ, ಮಳೆ ವಿಪರೀತ. ಪೂರ್ವಕ್ಕೆ ಹೋದಂತೆ ಕಡಿಮೆ. ನಮ್ಮ ಮನೆ ಹಡಪ್ಸರದಲ್ಲಿ, ಗುಂಡ ಇರುವುದು ಸೋಲಾಪುರ ರಸ್ತೆಯ ಕಡೆ. ಒದ್ದೆಯಲ್ಲಿ ನಿಂತರೆ ಗೊರಸಿನ ತಳ ಕೊಳೆತು ಕೆಟ್ಟ ವಾಸನೆ ಬರುತ್ತದೆ. ಅದಕ್ಕೆ ಒಣ ನೆಲವೇ ಮೊದಲ ಮದ್ದು.

ಮೇವಿನ ಲೆಕ್ಕ ಸುಲಭ. ದಿನಕ್ಕೆ ಮೈತೂಕದ ಶೇಕಡಾ 2ರಷ್ಟು ಒಣ ಆಹಾರ, ಅದರಲ್ಲಿ ಬಹುಪಾಲು ಹುಲ್ಲು. 450 ಕಿಲೋ ಕುದುರೆಗೆ ದಿನಕ್ಕೆ 9 ಕಿಲೋ, ತಿಂಗಳಿಗೆ 270. ನಿಮ್ಮ ಊರಿನ ದರದಿಂದ ಗುಣಿಸಿ. ಲಾಯದ ಬಾಡಿಗೆ, ಕುದುರೆ ನೋಡಿಕೊಳ್ಳುವ ಸೈಸನ ಸಂಬಳ, ಲಾಳ, ಡಾಕ್ಟರ ಖರ್ಚು ಸೇರಿಸಿ. ಅಂಥ ಆರು ತಿಂಗಳ ಮೊತ್ತ ಎಫ್‌ಡಿಯಲ್ಲಿ ಇಟ್ಟ ಮೇಲೆ ಕುದುರೆ ನೋಡಲು ಹೊರಡಿ. ಕುದುರೆಯ ಹೊಟ್ಟೆ ಚಿಕ್ಕದು, ಆಮ್ಲ ಮಾತ್ರ ಇಡೀ ದಿನ ಸುರಿಯುತ್ತದೆ. ಹಾಗಾಗಿ ಹುಲ್ಲು ಸ್ವಲ್ಪ ಸ್ವಲ್ಪವಾಗಿ ಇಡೀ ದಿನ ಸಿಗಬೇಕು. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ನೆನೆಸಿದ ಕಡಲೆ, ಹುರುಳಿ ಮಿತಿಯಲ್ಲಿರಲಿ. ಕಾಳು ಅತಿಯಾದರೆ ಗೊರಸಿನ ಒಳಗೆ ಉರಿ ಎದ್ದು ಕುದುರೆ ನಿಲ್ಲಲೂ ಆಗದ ಸ್ಥಿತಿ ಬರುತ್ತದೆ.

ಹೊಟ್ಟೆನೋವಿನ ಬಗ್ಗೆ ನಿಧಾನವಾಗಿ ಓದಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಕಟ್ಟಿದ್ದು ಮೇಲೆ ಬಾರದು, ಹಾಗಾಗಿ ಕಾಲಿಕ್ ಅನ್ನುವ ಈ ನೋವು ಜೀವ ತೆಗೆಯಬಹುದು. ನಮ್ಮ ಸೈಸ್ ಅಫಜಲಪುರದ ಕಡೆಯ ಹುಡುಗ. ಒಂದು ರಾತ್ರಿ ಫೋನ್ ಮಾಡಿ ‘ಅಕ್ಕಾರ, ಗುಂಡ ಹೊಟ್ಟಿ ಕಡೆ ತಿರುಗಿ ತಿರುಗಿ ನೋಡಾಕತ್ಯಾನ್ರಿ, ಲದ್ದಿ ಹಾಕಿಲ್ಲ’ ಅಂದ. ಆ ಎರಡು ಮಾತು ಸಾಕಾಯಿತು. ಡಾಕ್ಟರು ಬರುವಷ್ಟರಲ್ಲಿ ಅವನು ಮೇವು ಎತ್ತಿಟ್ಟು, ನಾಡಿ ಎಣಿಸಿ ಬರೆದಿಟ್ಟಿದ್ದ. ಗುಂಡ ಉಳಿದ. ದವಡೆಯ ಕೆಳಗಿನ ರಕ್ತನಾಳದ ಮೇಲೆ ಬೆರಳಿಟ್ಟು ಎಣಿಸುವುದನ್ನು ನೀವೂ ಕಲಿಯಿರಿ. ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44. ನಾಡಿ ಅರವತ್ತು ದಾಟಿದರೆ ಡಾಕ್ಟರನ್ನು ಕರೆಸಲು ಒಂದು ಕ್ಷಣವೂ ಕಾಯಬೇಡಿ. ನೆಲ ಕೆರೆಯುವುದು, ಹೊರಳಾಡುವುದು, ಬೆವರುವುದೂ ಲಕ್ಷಣಗಳೇ. ದನಕ್ಕೆ ಗೊಟ್ಟ ಹಾಕುವಂತೆ ಕುದುರೆಯ ಬಾಯಿಗೆ ಎಣ್ಣೆ, ಕಷಾಯ ಸುರಿಯಬೇಡಿ. ಅದು ಪುಪ್ಪುಸಕ್ಕೆ ಇಳಿಯಬಹುದು. ಒಳ್ಳೆಯ ಸೈಸನಿಗೆ ಒಳ್ಳೆಯ ಸಂಬಳ ಕೊಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಉಳಿದದ್ದು ತಾರೀಖಿನ ಕೆಲಸ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಹೊಡೆಯುವ ನಾಲಬಂದ ಬರಬೇಕು, ವರ್ಷಕ್ಕೊಮ್ಮೆ ಹಲ್ಲು ತೋರಿಸಬೇಕು. ಧನುರ್ವಾಯು ಲಸಿಕೆ, ಜಂತುಹುಳದ ಔಷಧಿ ಡಾಕ್ಟರು ಹೇಳಿದ ದಿನಕ್ಕೆ ಆಗಬೇಕು.

ಕುದುರೆ 25ರಿಂದ 30 ವರ್ಷ ಬದುಕುತ್ತದೆ. ನಾವು ಇಲ್ಲದಾಗ, ಅಥವಾ ಆಸ್ಪತ್ರೆಯಲ್ಲಿ ಮಲಗಿದಾಗ, ಅದು ಯಾರ ಕೈಗೆ? ಕೊಳ್ಳುವ ಮೊದಲೇ ಅವರನ್ನು ಕೇಳಿ ಒಪ್ಪಿಸಿ. ನನ್ನ ತಮ್ಮನ ಮಗಳು ಭಾನುವಾರ ಲಾಯಕ್ಕೆ ಬಂದು ಗುಂಡನ ಗೊರಸು ಸ್ವಚ್ಛ ಮಾಡುತ್ತಾಳೆ. ಅವಳ ಹೆಸರನ್ನೂ ಆ ಎಫ್‌ಡಿಯನ್ನೂ ಉಯಿಲಿನಲ್ಲಿ ಒಟ್ಟಿಗೇ ಬರೆಸಿದ್ದೇನೆ. ನೀವೂ ಹಾಗೆಯೇ ಬರೆಸಿ, ಒಂದು ಪ್ರತಿ ಲಾಯದವರ ಹತ್ತಿರ, ಇನ್ನೊಂದು ಡಾಕ್ಟರ ಹತ್ತಿರ ಕೊಟ್ಟಿಡಿ.