ಮಳೆಗೆ, ಉಪ್ಪು ಗಾಳಿಗೆ ತಾಳುವ ಫೋನ್ ಆರಿಸುವುದು ಹೇಗೆ?

ಫೋನ್ ಅಂಗಡಿಗೆ ಹೋದವರು ಕ್ಯಾಮೆರಾ ಕೇಳುತ್ತಾರೆ, ಬ್ಯಾಟರಿ ಕೇಳುತ್ತಾರೆ, ಕೊನೆಗೆ ಬಣ್ಣ ಕೇಳುತ್ತಾರೆ. ಕೆಳಗಡೆ ಇರುವ ತೂತುಗಳ ಬಗ್ಗೆ ಮಾತ್ರ ಯಾರೂ ವಿಚಾರಿಸುವುದಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ, ಕಡಲ ಗಾಳಿಗೆ ಗೇಟಿನ ಚಿಲಕವೂ ತುಕ್ಕು ಹಿಡಿಯುವ ಕಾಸರಗೋಡಿನಲ್ಲಿ ಮೊದಲು ನೋಡಬೇಕಾದದ್ದೇ ಅದು.

ಮೊದಲು: ಫೋನ್ ಇರುವ ಜಾಗ ನೋಡಿ

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟದವರ ಫೋನಿಗೆ ಮಳೆಯ ಜೊತೆ ಮದ್ದು ಬಿಡುವಾಗಿನ ಮೈಲುತುತ್ತು, ಸುಣ್ಣದ ಹನಿಯೂ ತಾಗುತ್ತದೆ. ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಉಪ್ಪು ಮತ್ತು ಮರಳು. ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವವರಿಗೆ ನೂಕುನುಗ್ಗಲಿನಲ್ಲಿ ಕೈಜಾರುವ ಭಯ. ಮೂವರಿಗೂ ಒಂದೇ ಫೋನ್ ಸರಿಹೋಗುವುದಿಲ್ಲ. ನಿಮ್ಮದು ಯಾವುದು ಎಂದು ಮನೆಯಲ್ಲೇ ಗಟ್ಟಿ ಮಾಡಿಕೊಂಡು ಹೊರಡಿ.

ಎರಡನೆಯದು: ಐಪಿ ನಂಬರ್ ಓದಿ

ಧೂಳು, ನೀರನ್ನು ಫೋನ್ ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತೇ ಐಪಿ. ಅದರ ಮುಂದೆ ಬರುವ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಅಂದರೆ ಎರಚಿದ ನೀರನ್ನು ತಡೆದೀತು, ಅಷ್ಟೇ. ಐಪಿ67 ಫೋನನ್ನು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷೆ ಮಾಡಿರುತ್ತಾರೆ. ಐಪಿ68ರಲ್ಲಿ ಆಳ ಎಷ್ಟು, ಹೊತ್ತು ಎಷ್ಟು ಎಂದು ತಯಾರಕರೇ ಹೇಳುತ್ತಾರೆ. ಹಾಗಾಗಿ ಎರಡು ಐಪಿ68 ಫೋನ್‌ಗಳು ಒಂದೇ ಸಮ ಅಲ್ಲ. ಸಣ್ಣ ಅಕ್ಷರ ಓದಲೇಬೇಕು.

ಈ ಪರೀಕ್ಷೆಗಳೆಲ್ಲ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ ನಡೆಯುವಂಥವು. ಬೇಕಲದ ಸಮುದ್ರದಲ್ಲಿ ಸೆಲ್ಫಿ ತೆಗೆಯಲು ಇದು ಪರವಾನಗಿ ಅಲ್ಲ. ಒಳಗೆ ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ನೀರು ತಾಗಿದರೆ ಕೆಂಪಾಗುವ ಸಣ್ಣ ಸ್ಟಿಕರ್ ಒಳಗೇ ಅಂಟಿಸಿರುತ್ತಾರೆ, ಸುಳ್ಳು ಹೇಳಿ ಪ್ರಯೋಜನ ಇಲ್ಲ! ಬಾಕ್ಸಿನಲ್ಲಿ ಐಪಿ ನಂಬರೇ ಇಲ್ಲವೇ? ಸಿಮ್ ಟ್ರೇ ಎಳೆದು ನೋಡಿ. ಅಂಚಿನಲ್ಲಿ ತೆಳ್ಳಗಿನ ರಬ್ಬರ್ ಉಂಗುರ ಇದ್ದರೆ ಅಷ್ಟಾದರೂ ಕಾಳಜಿ ವಹಿಸಿದ್ದಾರೆ ಎನ್ನಬಹುದು.

ಮೂರನೆಯದು: ತೂತುಗಳ ಲೆಕ್ಕ

2016ರಲ್ಲಿ ಐಫೋನ್ 7 ಬಂದಾಗ ಆಪಲ್ ಇಯರ್‌ಫೋನ್ ಜ್ಯಾಕ್ ತೆಗೆದುಹಾಕಿತು. ಆಮೇಲೆ ಬೇರೆಯವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಒಳಗೆ ಜಾಗ ಉಳಿಯುತ್ತದೆ, ನೀರು ತಡೆಯುವುದು ಸುಲಭ ಎಂಬ ಕಾರಣ ನಿಜವೇ. ಆದರೆ ಜ್ಯಾಕ್ ಇದ್ದರೆ ನೀರು ತಡೆಯಲು ಆಗುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೋನಿಯ ಕೆಲವು ಎಕ್ಸ್‌ಪೀರಿಯಾ ಫೋನ್‌ಗಳಲ್ಲಿ ಜ್ಯಾಕ್, ಮೆಮರಿ ಕಾರ್ಡ್, ಐಪಿ68 ಮೂರೂ ಇವೆ. 2014ರ ಸ್ಯಾಮ್‌ಸಂಗ್ ಎಸ್5ರಲ್ಲಿ ಬ್ಯಾಟರಿಯನ್ನೇ ಕೈಯಲ್ಲಿ ತೆಗೆಯಬಹುದಿತ್ತು, ಆದರೂ ಅದು ಐಪಿ67. ಆಗದ ಕೆಲಸ ಅಲ್ಲ, ಖರ್ಚು ಮತ್ತು ದಪ್ಪ ಜಾಸ್ತಿ ಆಗುವ ಕೆಲಸ.

ನಮ್ಮ ಕಡೆ ಜ್ಯಾಕಿಗೆ ಇನ್ನೊಂದು ಉಪಯೋಗ ಇದೆ. ಎಫ್ಎಂ ಇರುವ ಫೋನಿನಲ್ಲಿ ಇಯರ್‌ಫೋನ್ ವೈರೇ ಆಂಟೆನಾ. ತೋಟದಲ್ಲಿ ಕೆಲಸ ಮಾಡುತ್ತಾ ಮಂಗಳೂರು ಆಕಾಶವಾಣಿ ಕೇಳುವ ಅಭ್ಯಾಸ ಇದ್ದರೆ ಜ್ಯಾಕ್ ಇರುವ, ಎಫ್ಎಂ ಇರುವ ಫೋನನ್ನೇ ಕೇಳಿ ತೆಗೆದುಕೊಳ್ಳಿ.

ಚಾರ್ಜಿಂಗ್‌ಗೆ ಈಗ ಟೈಪ್-ಸಿ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ ಅದು ಕಡ್ಡಾಯ. ಐಫೋನ್ 2023ರಲ್ಲೇ ಅದಕ್ಕೆ ಬದಲಾಗಿತ್ತು. ಈ ಪೋರ್ಟನ್ನು 10,000 ಸಲ ಚುಚ್ಚಿ ತೆಗೆಯಲು ತಾಳುವ ಹಾಗೆ ರೂಪಿಸಿದ್ದಾರೆ. ಸವೆಯುವ ಸ್ಪ್ರಿಂಗ್ ಭಾಗ ಕೇಬಲ್‌ನಲ್ಲಿರುತ್ತದೆ. ಆದ್ದರಿಂದ ಚಾರ್ಜರ್ ಸಡಿಲ ಅನಿಸಿದರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಕಿಸೆಯ ನೂಲಿನ ಧೂಳು ಒಳಗೆ ಗಟ್ಟಿಯಾಗಿ ಕೂತಿರಬಹುದು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲನೆ ತೆಗೆಯಿರಿ. ಸೂಜಿ, ಪಿನ್ನು ಬೇಡ. ಮಧ್ಯದ ತೆಳು ನಾಲಗೆ ಮುರಿದರೆ ಪೋರ್ಟೇ ಹೋಯಿತು.

ಕೊಳ್ಳುವ ಮೊದಲು ರಿಪೇರಿ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: ಈ ಮಾಡೆಲ್‌ನಲ್ಲಿ ಚಾರ್ಜಿಂಗ್ ಬೋರ್ಡ್ ಬೇರೆ ಇದೆಯಾ, ಮೇನ್ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ? ಬೇರೆ ಇದ್ದರೆ ಪೋರ್ಟ್ ಕೆಟ್ಟಾಗ ಖರ್ಚು ಕಡಿಮೆ. ಉತ್ತರ ಜಾಹೀರಾತಿನಲ್ಲಿ ಸಿಗುವುದಿಲ್ಲ, ಅಲ್ಲೇ ಸಿಗುವುದು.

ರಾತ್ರಿಯಿಡೀ ಯಕ್ಷಗಾನ ರೆಕಾರ್ಡ್ ಮಾಡುವವರು ಪೋರ್ಟಿನ ವೇಗವನ್ನೂ ನೋಡಿ. ಆಕಾರ ಟೈಪ್-ಸಿಯೇ ಆದರೂ ಒಳಗೆ ಯುಎಸ್‌ಬಿ 2.0 ಇದ್ದರೆ ವೇಗ ಸೆಕೆಂಡಿಗೆ 480 ಮೆಗಾಬಿಟ್‌ಗೆ ನಿಂತುಬಿಡುತ್ತದೆ. ದೊಡ್ಡ ವಿಡಿಯೊ ಕಂಪ್ಯೂಟರಿಗೆ ಹೋಗುವಷ್ಟರಲ್ಲಿ ಚಹಾ ಕುಡಿದು ಬರಬಹುದು.

ನಾಲ್ಕನೆಯದು: ಮೈ ಯಾವುದರದ್ದು?

ಗಾಜಿನ ಹಿಂಬದಿ ಅಂದಕ್ಕಷ್ಟೇ ಅಲ್ಲ. ಲೋಹ ರೇಡಿಯೊ ಅಲೆಗಳನ್ನು ತಡೆಯುತ್ತದೆ, ವೈರ್‌ಲೆಸ್ ಚಾರ್ಜಿಂಗ್‌ಗೂ ಅಡ್ಡಿ. ಪೂರ್ತಿ ಲೋಹದ ಫೋನ್‌ಗಳ ಹಿಂದೆ ಪಟ್ಟಿ ಎಳೆದಂತೆ ಪ್ಲಾಸ್ಟಿಕ್ ಗೆರೆ ಇರುತ್ತಿದ್ದುದು ಸಿಗ್ನಲ್‌ಗಾಗಿಯೇ. ಗಾಜು ಅಲೆಗಳನ್ನು ಬಿಡುತ್ತದೆ, ಆದರೆ ಮುರಕಲ್ಲಿನ ಮೆಟ್ಟಿಲ ಮೇಲೆ ಬಿದ್ದರೆ ಒಡೆಯುತ್ತದೆ. ಪ್ಲಾಸ್ಟಿಕ್ ಅಂದರೆ ಮೂಗು ಮುರಿಯುವವರು ಜಾಸ್ತಿ. ನನ್ನ ಮಟ್ಟಿಗೆ ತೋಟದ ಕೆಲಸಕ್ಕೆ ಪ್ಲಾಸ್ಟಿಕ್ ಹಿಂಬದಿಯೇ ಒಳ್ಳೆಯದು. ಹಗುರ, ಸಿಗ್ನಲ್‌ಗೆ ತೊಂದರೆ ಇಲ್ಲ, ಬಿದ್ದರೆ ಗೀರು ಬಿದ್ದೀತು ಅಷ್ಟೆ.

ಮುಂಬದಿಗೆ ಗಾಜು ತಪ್ಪಿದ್ದಲ್ಲ. ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಸ್ ಪಟ್ಟಿಯಲ್ಲಿ ಮರಳಿನಲ್ಲಿರುವ ಕ್ವಾರ್ಟ್ಜ್ 7, ಫೋನಿನ ಗಾಜಿಗೆ ಸಾಮಾನ್ಯವಾಗಿ 6ಕ್ಕೇ ಗೀರು ಬೀಳುತ್ತದೆ. ಕಡಲ ಬದಿಯವರು ಸುಮ್ನೆ ಚರ್ಚೆ ಮಾಡದೆ ಸ್ಕ್ರೀನ್ ಗಾರ್ಡ್ ಹಾಕಿಸಿ.

ಬಾಕ್ಸಿನ ಮೇಲೆ ಮಿಲಿಟರಿ ದರ್ಜೆ ಎಂದು ಬರೆದಿದ್ದರೆ ಯಾವ ಪರೀಕ್ಷೆ ಮಾಡಿದ್ದಾರೆ ಎಂದು ಕೇಳಿ. ಎಂಐಎಲ್-ಎಸ್‌ಟಿಡಿ-810 ಎಂಬುದು ಅಮೆರಿಕದ ಸೇನೆಯ ಪರೀಕ್ಷಾ ವಿಧಾನಗಳ ದೊಡ್ಡ ಕಟ್ಟು. ಅದರಲ್ಲಿ ಬೇಕಾದ್ದನ್ನು ಮಾತ್ರ ಕಂಪೆನಿ ಆರಿಸಿಕೊಳ್ಳಬಹುದು.

ಕೊನೆಗೆ: ಒದ್ದೆಯಾದರೆ

ಒದ್ದೆ ಪೋರ್ಟಿಗೆ ಚಾರ್ಜರ್ ಹಾಕಬೇಡಿ. ನೀರಿನ ಜೊತೆ ಕರೆಂಟ್ ಸೇರಿದರೆ ಪಿನ್ನುಗಳು ಬೇಗ ತುಕ್ಕು ಹಿಡಿದು ಹಸಿರಾಗುತ್ತವೆ. ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲನೆ ಕುಟ್ಟಿ, ಫ್ಯಾನಿನ ಗಾಳಿಗೆ ಇಡಿ. ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಡುವ ಮದ್ದು ಬೇಡ, ಅಕ್ಕಿಯ ನುಚ್ಚು, ಧೂಳು ಒಳಗೆ ಹೋಗುತ್ತದೆ ಎಂದು ಆಪಲ್ ಕೂಡ ಎಚ್ಚರಿಸಿದೆ. ಸಮುದ್ರದ ನೀರು ತಾಗಿದ್ದು ಐಪಿ68 ಫೋನಾದರೆ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಉಪ್ಪು ಒಳಗೆ ಉಳಿಯಬಾರದು. ಐಪಿ ನಂಬರ್ ಇಲ್ಲದ ಫೋನಾದರೆ ಕೂಡಲೇ ಆಫ್ ಮಾಡಿ ರಿಪೇರಿಗೆ ಕೊಡಿ.

ಬ್ಯಾಟರಿ ಅಥವಾ ಸ್ಕ್ರೀನ್ ಬದಲಿಸಲು ಒಮ್ಮೆ ಬಿಚ್ಚಿದರೆ ಅಂಚಿನ ಅಂಟು ಹೋಗುತ್ತದೆ. ಹೊಸ ಅಂಟು ಹಾಕಿದ್ದಾರಾ ಎಂದು ಕೇಳಿ. ಹಾಕಿದ್ದೇವೆ ಎಂದರೂ ಅಲ್ಲಿಂದ ಮುಂದೆ ಅದನ್ನು ನೀರು ತಡೆಯದ ಫೋನ್ ಎಂದೇ ಲೆಕ್ಕ ಹಿಡಿದು, ಮಳೆಗೆ ಹೊರಡುವಾಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ.