ಹಳೆಯ ಫುಟ್‌ಬಾಲ್ ಅಂಕಪಟ್ಟಿಯನ್ನು ಓದುವ ಬಗೆ: ಇಂಗ್ಲೆಂಡಿನ 1988–89ರ ಋತುವನ್ನು ಮುಂದಿಟ್ಟುಕೊಂಡು

ಮುಗಿದುಹೋದ ಲೀಗ್ ಒಂದರ ಅಂಕಪಟ್ಟಿಯನ್ನು ಹೆಚ್ಚಿನವರು ಮೇಲಿನ ಸಾಲೊಂದನ್ನು ನೋಡಿ ಬದಿಗಿಡುತ್ತಾರೆ. ಯಾರು ಗೆದ್ದರೆಂದು ತಿಳಿಯುವುದಷ್ಟೇ ಉದ್ದೇಶವಾದರೆ ಅದು ಸಾಕು. ಆದರೆ ಒಂದು ಹಾಳೆ, ಒಂದು ಪೆನ್ಸಿಲ್ ಮತ್ತು ಒಂದು ಸಂಜೆಯ ಬಿಡುವು ಇದ್ದರೆ ಆ ಪಟ್ಟಿಯಿಂದಲೇ ಇಡೀ ಋತುವನ್ನು ಬಹುಮಟ್ಟಿಗೆ ಮರಳಿ ಕಟ್ಟಿಕೊಳ್ಳಬಹುದು. ಇದನ್ನು ಕಲಿಯಲು ಇಂಗ್ಲೆಂಡಿನ ಫಸ್ಟ್ ಡಿವಿಷನ್ ಲೀಗಿನ 1988–89ರ ಋತುವಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅಲ್ಲಿ ಮೊದಲ ಎರಡು ತಂಡಗಳು ಅಂಕಗಳಲ್ಲಿ ಸಮ, ಗೆಲುವು ಸೋಲುಗಳಲ್ಲಿ ಸಮ, ಗೋಲುಗಳ ಅಂತರದಲ್ಲಿಯೂ ಸಮ.

ಪಟ್ಟಿಗೆ ಕೈಹಾಕುವ ಮೊದಲು ಆ ಕಾಲದ ನಿಯಮಗಳನ್ನು ಹಾಳೆಯ ತಲೆಯಲ್ಲಿ ಬರೆದುಕೊಳ್ಳಬೇಕು. ಇಂದಿನ ಪ್ರೀಮಿಯರ್ ಲೀಗ್ ಆರಂಭವಾದದ್ದು 1992ರಲ್ಲಿ. ಅದಕ್ಕೂ ಮೊದಲು ಫಸ್ಟ್ ಡಿವಿಷನ್ ಎಂಬುದೇ ಆ ದೇಶದ ಅತ್ಯುನ್ನತ ಲೀಗ್ ಆಗಿತ್ತು. ನಮ್ಮ ಋತುವಿನಲ್ಲಿ 20 ತಂಡಗಳಿದ್ದವು, ಪ್ರತಿ ತಂಡಕ್ಕೆ 38 ಪಂದ್ಯಗಳಿದ್ದವು. ಹಿಂದಿನ ವರ್ಷ 21 ತಂಡಗಳಿದ್ದು ಪಂದ್ಯಗಳು 40 ಆಗಿದ್ದವು. ಆದ್ದರಿಂದ ಈ ಎರಡು ವರ್ಷಗಳ ಅಂಕಗಳನ್ನು ನೇರವಾಗಿ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಗೆಲುವಿಗೆ 3 ಅಂಕ, ಡ್ರಾಗೆ 1 ಅಂಕ. ಅಂಕಗಳು ಸಮವಾದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಬರುವ ಅಂತರವನ್ನು ನೋಡಬೇಕು. ಅದೂ ಸಮವಾದರೆ ಹೆಚ್ಚು ಗೋಲು ಹೊಡೆದವರು ಮೇಲೆ. ಕ್ರಿಕೆಟ್‌ನ ನೆಟ್ ರನ್‌ರೇಟ್ ಲೆಕ್ಕ ಹಾಕಿ ಪಳಗಿದ ನಮ್ಮ ಓದುಗರಿಗೆ ಇದು ಕಷ್ಟವೇನಲ್ಲ.

ಮುಂದಿನ ಕೆಲಸ ಪಟ್ಟಿಯನ್ನು ನಿಮ್ಮ ಕೈಯಿಂದಲೇ ನಕಲು ಮಾಡಿ ಕೂಡಿ ನೋಡುವುದು. ಹಳೆಯ ಪಟ್ಟಿಗಳಲ್ಲಿ ಅಚ್ಚಿನ ತಪ್ಪುಗಳು ಬಹಳ, ಅವನ್ನು ಹಿಡಿಯುವ ಉಪಾಯ ಮಾತ್ರ ಸುಲಭ. ಒಬ್ಬರ ಗೆಲುವು ಇನ್ನೊಬ್ಬರ ಸೋಲಾದ್ದರಿಂದ ಗೆಲುವುಗಳ ಒಟ್ಟು ಮೊತ್ತವೂ ಸೋಲುಗಳ ಒಟ್ಟು ಮೊತ್ತವೂ ಒಂದೇ ಆಗಿರಬೇಕು. ಹೊಡೆದ ಗೋಲುಗಳಿಗೂ ಬಿಟ್ಟುಕೊಟ್ಟ ಗೋಲುಗಳಿಗೂ ಇದೇ ಮಾತು ಅನ್ವಯಿಸುತ್ತದೆ. 20 ತಂಡಗಳು ಪರಸ್ಪರ ಎರಡೆರಡು ಬಾರಿ ಆಡಿದರೆ ಪಂದ್ಯಗಳು 380. ಎಲ್ಲದರಲ್ಲಿಯೂ ಫಲಿತಾಂಶ ಬಂದಿದ್ದರೆ ಹಂಚಿಕೆಯಾಗುವ ಅಂಕಗಳು 1140. ಡ್ರಾ ಆದ ಪ್ರತಿ ಪಂದ್ಯಕ್ಕೆ ಅದರಲ್ಲಿ ಒಂದು ಅಂಕ ಕಡಿಮೆಯಾಗುತ್ತದೆ. ಈ ಲೆಕ್ಕಗಳು ತಾಳೆಯಾಗದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ ಎಂದೇ ಅರ್ಥ.

ಸಮ ಅಂಕಗಳ ನಿಯಮವನ್ನು ಮನನ ಮಾಡಿಕೊಳ್ಳಲು ಮೊದಲು ಪಟ್ಟಿಯ ನಡುಭಾಗಕ್ಕೆ ಹೋಗುವುದು ಲೇಸು. 9ನೆಯ ಸ್ಥಾನದ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಮತ್ತು 10ನೆಯ ಸ್ಥಾನದ ಮಿಲ್‌ವಾಲ್ ಎರಡೂ 14 ಪಂದ್ಯ ಗೆದ್ದು, 11 ಡ್ರಾ ಮಾಡಿಕೊಂಡು, 13 ಸೋತು 53 ಅಂಕ ಗಳಿಸಿದ್ದವು. ರೇಂಜರ್ಸ್ 43 ಗೋಲು ಹೊಡೆದು 37 ಬಿಟ್ಟುಕೊಟ್ಟಿತ್ತು. ಅದೇ ವರ್ಷ ಮೊದಲ ಬಾರಿಗೆ ಈ ವಿಭಾಗಕ್ಕೆ ಏರಿದ್ದ ಮಿಲ್‌ವಾಲ್ 47 ಗೋಲು ಹೊಡೆದರೂ 52 ಬಿಟ್ಟುಕೊಟ್ಟಿತ್ತು. ಹೆಚ್ಚು ಗೋಲು ಹೊಡೆದ ತಂಡವೇ ಕೆಳಗಿದೆ, ಏಕೆಂದರೆ ಅಂತರದ ಲೆಕ್ಕ ಮೊದಲು ಬರುತ್ತದೆ; ಹೊಡೆದ ಗೋಲುಗಳ ಸರದಿ ಬರುವುದು ಅಂತರವೂ ಸಮವಾದಾಗ ಮಾತ್ರ.

ಈಗ ಮೇಲಿನ ಎರಡು ಸಾಲುಗಳನ್ನು ತೆಗೆದುಕೊಳ್ಳಿ. ಆರ್ಸೆನಲ್: 22 ಗೆಲುವು, 10 ಡ್ರಾ, 6 ಸೋಲು, 73 ಗೋಲು ಹೊಡೆದು 36 ಬಿಟ್ಟುಕೊಟ್ಟು 76 ಅಂಕ. ಲಿವರ್‌ಪೂಲ್: 22 ಗೆಲುವು, 10 ಡ್ರಾ, 6 ಸೋಲು, 65 ಹೊಡೆದು 28 ಬಿಟ್ಟುಕೊಟ್ಟು 76 ಅಂಕ. ಎರಡಕ್ಕೂ ಅಂತರ 37. ಹೆಚ್ಚು ಗೋಲು ಹೊಡೆದದ್ದರಿಂದ ಆರ್ಸೆನಲ್ ಚಾಂಪಿಯನ್ ಆಯಿತು. 1971ರ ಬಳಿಕ ಅದಕ್ಕೆ ಸಿಕ್ಕ ಮೊದಲ ಲೀಗ್ ಪ್ರಶಸ್ತಿ ಅದು.

ಒಟ್ಟು ಅಂಕಿಗಳನ್ನು ತವರು ಮತ್ತು ಹೊರಗಿನ ಪಂದ್ಯಗಳೆಂದು ಒಡೆದಾಗ ತಂಡದ ಸ್ವಭಾವ ಕಾಣತೊಡಗುತ್ತದೆ. ತವರಿನ 19 ಪಂದ್ಯಗಳಿಂದ 38, ಹೊರಗಿನ 19ರಿಂದ 38 ಅಂಕ ಪಡೆದ ಲಿವರ್‌ಪೂಲ್ ಎರಡೂ ಕಡೆ ಒಂದೇ ಹದದಲ್ಲಿತ್ತು. ಆರ್ಸೆನಲ್ ತನ್ನ ಹೈಬರಿ ಮೈದಾನದಲ್ಲಿ 36 ಅಂಕ ಗಳಿಸಿದರೆ ಪರರ ಮೈದಾನಗಳಲ್ಲಿ 40 ಅಂಕ ಗಳಿಸಿತ್ತು; ಹೊಡೆದ ಗೋಲುಗಳೂ ಮನೆಯಲ್ಲಿ 35, ಹೊರಗೆ 38. ಪರರ ಊರಿನಲ್ಲಿಯೇ ಹೆಚ್ಚು ಗಳಿಸಿದ ತಂಡ ಚಾಂಪಿಯನ್ ಆಗುವುದು ಅಪರೂಪ. ಕೊನೆಯ ಪಂದ್ಯವನ್ನು ಎದುರಾಳಿ ಲಿವರ್‌ಪೂಲ್‌ನ ಅಂಗಳದಲ್ಲಿಯೇ ಆಡಬೇಕಾಗಿ ಬಂದಾಗ ಆರ್ಸೆನಲ್‌ಗೆ ಎಲ್ಲರೂ ಅಂದುಕೊಂಡಷ್ಟು ಅನನುಕೂಲ ಇರಲಿಲ್ಲವೆಂಬುದನ್ನು ಈ ಒಂದು ಒಡೆತವೇ ಹೇಳುತ್ತದೆ.

ಇಲ್ಲಿಗೆ ಪಟ್ಟಿಯ ಕೆಲಸ ಮುಗಿಯುತ್ತದೆ, ದಿನಾಂಕಗಳ ಕೆಲಸ ಆರಂಭವಾಗುತ್ತದೆ. ಯಾರು ಎಷ್ಟು ಗಳಿಸಿದರೆಂದು ಹೇಳುವ ಪಟ್ಟಿ ಯಾವಾಗ ಗಳಿಸಿದರೆಂದು ಹೇಳುವುದಿಲ್ಲ. ಕೊನೆಯ ಕೆಲವು ವಾರಗಳ ಫಲಿತಾಂಶಗಳನ್ನು ಹುಡುಕಿ, ಅಂತಿಮ ಸಾಲಿನಿಂದ ಒಂದೊಂದೇ ಪಂದ್ಯವನ್ನು ಕಳೆಯುತ್ತ ಹಿಂದಕ್ಕೆ ನಡೆಯಬೇಕು. ಮುಂದಿನಿಂದ ಕೂಡುತ್ತ ಬರುವುದಕ್ಕಿಂತ ಈ ಹಿಮ್ಮುಖ ನಡಿಗೆಯೇ ಬೇಗನೆ ಗುರಿ ಮುಟ್ಟಿಸುತ್ತದೆ.

ಹಾಗೆ ಹಿಂದೆ ಹೋದಾಗ ಮೇ 13ರಂದು ಆರ್ಸೆನಲ್ ತವರಿನಲ್ಲಿ ಡರ್ಬಿ ಕೌಂಟಿಗೆ 1–2ರಿಂದ ಸೋತದ್ದು, ಮೇ 17ರಂದು ಅಲ್ಲಿಯೇ ವಿಂಬಲ್ಡನ್ ಜೊತೆ 2–2ರ ಡ್ರಾ ಮಾಡಿಕೊಂಡದ್ದು ಕಾಣುತ್ತದೆ. ಆರು ಅಂಕಗಳಲ್ಲಿ ದಕ್ಕಿದ್ದು ಒಂದೇ. ಅಲ್ಲಿಗೆ 37 ಪಂದ್ಯಗಳಿಂದ 73 ಅಂಕ, ಗೋಲುಗಳು 71–36, ಅಂತರ 35. ಆಗ 36 ಪಂದ್ಯ ಆಡಿದ್ದ ಲಿವರ್‌ಪೂಲ್‌ನದ್ದೂ 73 ಅಂಕ. ಗೋಲುಗಳು 60–25, ಅಂತರ ಅದೇ 35. ಮೇ 23ರ ಮಂಗಳವಾರ ಲಿವರ್‌ಪೂಲ್ ತನ್ನ ಆ್ಯನ್‌ಫೀಲ್ಡ್‌ನಲ್ಲಿ ವೆಸ್ಟ್ ಹ್ಯಾಮ್ ತಂಡವನ್ನು 5–1ರಿಂದ ಮಣಿಸಿತು. ಆಗ ಅದರ ಅಂಕ 76, ಅಂತರ 39. ಉಳಿದದ್ದು ಒಂದೇ ಪಂದ್ಯ, ಅದೂ ಇವೆರಡರ ನಡುವೆಯೇ.

ಈ 5–1 ಎಂಬ ಅಂಕಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹಳೆಯ ಋತುಗಳ ಓದಿನ ಸ್ವಾರಸ್ಯವೆಲ್ಲ ಇಂತಹ ಕಡೆಗಳಲ್ಲಿಯೇ ಅಡಗಿರುತ್ತದೆ. ಲಿವರ್‌ಪೂಲ್ ಎರಡೇ ಗೋಲುಗಳ ಅಂತರದಿಂದ ಗೆದ್ದಿದ್ದರೆ ಅದರ ಒಟ್ಟು ಅಂತರ 37 ಆಗುತ್ತಿತ್ತು. ಆಗ ಆರ್ಸೆನಲ್‌ಗೆ ಆ್ಯನ್‌ಫೀಲ್ಡ್‌ನಲ್ಲಿ 1–0 ಗೆಲುವು ಸಾಕಾಗುತ್ತಿತ್ತು, ಎರಡೂ 36ಕ್ಕೆ ಬಂದು ನಿಂತು ಹೆಚ್ಚು ಗೋಲು ಹೊಡೆದ ಆರ್ಸೆನಲ್ ಮೇಲೇರುತ್ತಿತ್ತು. ನಾಲ್ಕರ ಅಂತರದಿಂದ ಗೆದ್ದ ಕಾರಣ ಎರಡು ಗೋಲುಗಳ ಗೆಲುವು ಅನಿವಾರ್ಯವಾಯಿತು. ಲಿವರ್‌ಪೂಲ್ ಆ ಮಂಗಳವಾರ ಆರನೆಯದೊಂದು ಗೋಲು ಹೊಡೆದಿದ್ದರೆ ಆ ಕೊನೆಯ ಪಂದ್ಯದಲ್ಲಿ ಶುಕ್ರವಾರ ಆರ್ಸೆನಲ್ ಪಡೆದ 2–0 ಗೆಲುವು ಕೂಡ ಸಾಲುತ್ತಿರಲಿಲ್ಲ. ಆ ಸೋಲಿನಿಂದ ವೆಸ್ಟ್ ಹ್ಯಾಮ್ ಕೆಳಗಿನ ವಿಭಾಗಕ್ಕೆ ಇಳಿಯಿತು: ಅದರ ಅಂಕ 38, ಅದನ್ನು ಮೀರಿ ಉಳಿದುಕೊಂಡ ಆ್ಯಸ್ಟನ್ ವಿಲ್ಲಾದ ಅಂಕ 40. ಒಂದೇ ಪಂದ್ಯ ಪಟ್ಟಿಯ ಎರಡೂ ತುದಿಗಳನ್ನು ಎಳೆದಿತ್ತು. ವೆಸ್ಟ್ ಹ್ಯಾಮ್ ಜೊತೆಗೆ ಇಳಿದವು ಮಿಡ್ಲ್ಸ್‌ಬರೊ ಮತ್ತು ನ್ಯೂಕಾಸಲ್.

ದಿನಾಂಕಗಳಲ್ಲಿ ಅಸಹಜವಾದದ್ದು ಕಂಡರೆ ಕಾರಣ ಹುಡುಕದೆ ಮುಂದೆ ಹೋಗಬಾರದು. ಉಳಿದ ತಂಡಗಳ ಲೀಗ್ ಮುಗಿದ ಮೇಲೆ, ವಾರಾಂತ್ಯವನ್ನೂ ಕಾಯದೆ, ಮೇ 26ರ ಶುಕ್ರವಾರ ರಾತ್ರಿ ನಿರ್ಣಾಯಕ ಪಂದ್ಯವೇಕೆ ನಡೆಯಿತು? ಅದು ನಡೆಯಬೇಕಾಗಿದ್ದದ್ದು ಏಪ್ರಿಲ್‌ನಲ್ಲಿ. ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಣ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಸೆಮಿಫೈನಲ್ ವೇಳೆ ನೂಕುನುಗ್ಗಲಿನಲ್ಲಿ ಸಿಲುಕಿ ಲಿವರ್‌ಪೂಲ್ ಅಭಿಮಾನಿಗಳು ಸಾವಿಗೀಡಾದರು. ಆ ದುರಂತದ ಬಲಿಗಳ ಸಂಖ್ಯೆ ಈಗ 97. ಲಿವರ್‌ಪೂಲ್ ಮರಳಿ ಲೀಗ್ ಪಂದ್ಯಕ್ಕೆ ಇಳಿದದ್ದು ಮೇ 3ರಂದು. ಅಲ್ಲಿಂದ ಮೇ 26ರವರೆಗಿನ 24 ದಿನಗಳಲ್ಲಿ, ಹೆಚ್ಚುವರಿ ಸಮಯಕ್ಕೆ ಹೋದ ಕಪ್ ಫೈನಲ್ ಸೇರಿ, ಅದು 8 ಪಂದ್ಯ ಆಡಿತು. ಈ ಹಿನ್ನೆಲೆಯಿಲ್ಲದೆ ಆ ವರ್ಷದ ಅಂಕಿಗಳನ್ನು ಓದುವುದು ನ್ಯಾಯವಲ್ಲ.

ನಿರ್ಣಾಯಕ ಪಂದ್ಯದ ವಿವರವನ್ನು ಕೊನೆಗೆ ಉಳಿಸಿಕೊಳ್ಳಿ. ಲೆಕ್ಕ ತಿಳಿದ ಮೇಲೆ ಓದಿದರೆ ಪ್ರತಿ ನಿಮಿಷಕ್ಕೂ ಬೆಲೆ ಬರುತ್ತದೆ. 52ನೆಯ ನಿಮಿಷದಲ್ಲಿ ನೈಜೆಲ್ ವಿಂಟರ್‌ಬರ್ನ್ ತೆಗೆದುಕೊಂಡ ಫ್ರೀಕಿಕ್‌ಗೆ ಅಲನ್ ಸ್ಮಿತ್ ತಲೆಯೊಡ್ಡಿ ಮೊದಲ ಗೋಲು ಹೊಡೆದರು. 1–0 ಆಗಿದ್ದರೂ ಚಾಂಪಿಯನ್ ಪಟ್ಟ ಲಿವರ್‌ಪೂಲ್‌ನದ್ದೇ ಆಗಿತ್ತು, ಅಂದರೆ ಸೋಲುತ್ತಿದ್ದ ತಂಡವೇ ಗೆಲ್ಲುತ್ತಿತ್ತು. ನಿಗದಿತ 90 ನಿಮಿಷ ಕಳೆದ ಮೇಲೆ ಮೈಕೆಲ್ ಥಾಮಸ್ ಎರಡನೆಯ ಗೋಲು ಹೊಡೆದರು. ಅದೇ ವಾರ ಎಫ್‌ಎ ಕಪ್ ಗೆದ್ದಿದ್ದ ಮ್ಯಾನೇಜರ್ ಕೆನ್ನಿ ಡಾಲ್‌ಗ್ಲಿಶ್ ಅವರ ಲಿವರ್‌ಪೂಲ್‌ನಿಂದ ಎರಡನೆಯ ಪ್ರಶಸ್ತಿ ಕೈಜಾರಿ ಮ್ಯಾನೇಜರ್ ಜಾರ್ಜ್ ಗ್ರಹಾಂ ಅವರ ಆರ್ಸೆನಲ್ ಪಾಲಾಯಿತು. ಭಾರತದಲ್ಲಿ ಆಗ ನಡುರಾತ್ರಿ ದಾಟಿ 27ನೆಯ ತಾರೀಖು ಆಗಿತ್ತು. ಆದ್ದರಿಂದ ಯುರೋಪಿನ ರಾತ್ರಿ ಪಂದ್ಯಗಳನ್ನು ನಮ್ಮ ಹಳೆಯ ಪತ್ರಿಕೆಗಳಲ್ಲಿ ಹುಡುಕುವವರು ಒಂದೆರಡು ದಿನ ಮುಂದಿನ ಸಂಚಿಕೆಗಳನ್ನು ತೆರೆಯಬೇಕು.

ಇಷ್ಟಾದ ಮೇಲೆ ನಿಯಮಗಳನ್ನು ಬದಲಿಸಿ ಅದೇ ಪಟ್ಟಿಯನ್ನು ಮತ್ತೊಮ್ಮೆ ಲೆಕ್ಕ ಹಾಕಿ. 1981ಕ್ಕೆ ಮುಂಚಿನಂತೆ ಗೆಲುವಿಗೆ 2 ಅಂಕ ಕೊಟ್ಟರೆ ಎರಡೂ ತಂಡಗಳಿಗೆ 54, ಏನೂ ಬದಲಾಗುವುದಿಲ್ಲ. ಪರಸ್ಪರ ಪಂದ್ಯಗಳನ್ನಷ್ಟೇ ಎಣಿಸಿದರೆ ಹೈಬರಿಯಲ್ಲಿ 1–1, ಆ್ಯನ್‌ಫೀಲ್ಡ್‌ನಲ್ಲಿ 2–0, ಆಗಲೂ ಆರ್ಸೆನಲ್. ಆದರೆ 1976ರವರೆಗೆ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಗೋಲು ಸರಾಸರಿಯನ್ನು, ಅಂದರೆ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುವ ಕ್ರಮವನ್ನು, ಇಲ್ಲಿಗೆ ತಂದರೆ ಆರ್ಸೆನಲ್‌ಗೆ 2.03, ಲಿವರ್‌ಪೂಲ್‌ಗೆ 2.32 ಬರುತ್ತದೆ. ಕಡಿಮೆ ಗೋಲು ಬಿಟ್ಟುಕೊಟ್ಟವರಿಗೆ ಒಲಿಯುವ ಆ ಹಳೆಯ ಕ್ರಮ ಉಳಿದಿದ್ದರೆ 1989ರ ಚಾಂಪಿಯನ್ ಲಿವರ್‌ಪೂಲ್ ಆಗಿರುತ್ತಿತ್ತು.

ಚಾಂಪಿಯನ್ ತಂಡಕ್ಕೆ ಮುಂದೆ ಏನು ಸಿಕ್ಕಿತೆಂಬುದನ್ನೂ ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. 1985ರಲ್ಲಿ ಬೆಲ್ಜಿಯಂನ ಹೇಸೆಲ್ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಸತ್ತ ದುರಂತದ ಬಳಿಕ ಇಂಗ್ಲೆಂಡಿನ ಕ್ಲಬ್‌ಗಳಿಗೆ ಯುರೋಪಿನ ಟೂರ್ನಿಗಳಲ್ಲಿ ಆಡದಂತೆ ನಿಷೇಧವಿತ್ತು, ಹೀಗಾಗಿ ಆರ್ಸೆನಲ್ ಮರುವರ್ಷದ ಯುರೋಪಿಯನ್ ಕಪ್‌ಗೆ ಹೋಗಲಿಲ್ಲ.